ಕುಡಿಯುವ ನೀರೂ ಔಷಧಕ್ಕೆ ಮಣಿಯದ ರೋಗಾಣುಗಳೂ

(ವ್ಯವಸಾಯದ ಇನ್‌ಸ್ಪೆಕ್ಟರೊಬ್ಬರು, ಎಲ್.ಎಜಿ., ಬರೆದುದು)

ಈ ಪತ್ರಿಕೆಯಲ್ಲಿ ಬೀಜ, ಗೊಬ್ಬರ, ಉಳುಮೆ, ದನಕರುಗಳ ಸಂರಕ್ಷಣೆ ಮೊದಲಾದ ವಿಷಯಗಳನ್ನು ಕುರಿತು ಲೇಖನಗಳು ಪ್ರಕಟವಾಗುವುದು ರೂಢಿಯಾಗಿದೆ. ರೋಗಿಗಳ ವಿಚಾರವೂ ಕುಡಿಯುವ ನೀರಿನ ವಿಚಾರವೂ ವೈದ್ಯರಿಗೆ ಸೇರಿದುವೆಂದು ವಾಚಕರಲ್ಲಿ ಕೆಲವರು ಹೇಳಬಹುದು. ಆದರೆ ಆಸ್ಪತ್ರೆಯ ರೋಗಿಯ ದೇಹದಲ್ಲಿದ್ದ ರೋಗಾಣುವಿನ ಗುಣವೇ ಬೀದಿಯ ನಲ್ಲಿಯ ನೀರಿನಲ್ಲಿಯೂ ಕಂಡುಬಂದಿದೆ. ಅಂಥದೇ ಮತ್ತೊಂದು ಗುಣವು ಸಾಕುಪ್ರಾಣಿಗಳ ಕೊಟ್ಟಿಗೆಯಲ್ಲಿಯೂ ರೋಗಿಯಲ್ಲಿಯೂ ಕಂಡುಬಂದಿದೆ. ಹೀಗಿರುವಲ್ಲಿ ಭೂಮಿಯ ಒಡೆಯನಿಗೂ ಊರಿನ ಮುಖಂಡನಿಗೂ ಈ ವಿಚಾರದಲ್ಲಿ ಪಾಲಿಲ್ಲವೆಂದು ಹೇಳಲು ಅವಕಾಶವಿಲ್ಲ. ಹೊಸ ಔಷಧಗಳು ಬಂದಾವೆಂದು ಕಾದಿರುವುದಕ್ಕಿಂತ ಊರಿನ ನೀರಿಗೆ ಮಲ ಸೇರದಂತೆ ನೋಡಿಕೊಳ್ಳುವುದೇ ಈ ಕೇಡಿಗೆ ಮೊದಲ ಮದ್ದೆಂಬುದು ನನ್ನ ದೃಢವಾದ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಕೆಳಗೆ ನಿವೇದಿಸುತ್ತೇನೆ.

ಔಷಧಕ್ಕೆ ಮಣಿಯದ ಗುಣ.— ಆಂಟಿಬಯಾಟಿಕ್ ಎಂದು ಪ್ರಸಿದ್ಧವಾಗಿರುವ ಪ್ರತಿಜೀವಕ ಔಷಧಗಳು ದುಂಡಾಣುಗಳನ್ನು, ಅಂದರೆ ಬ್ಯಾಕ್ಟೀರಿಯಗಳನ್ನು, ಕೊಲ್ಲುತ್ತವೆ ಅಥವಾ ಅವು ಬೆಳೆಯದಂತೆ ತಡೆಯುತ್ತವೆ. ಒಂದೇ ಔಷಧವನ್ನು ಮಿತಿಯಿಲ್ಲದೆ ಬಳಸಿದರೆ ಏನಾಗುವುದೆಂಬುದನ್ನು ಹತ್ತಿಯ ಬೆಳೆಗಾರರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಕಾಯಿಕೊರಕ ಹುಳುಗಳನ್ನು ತಡೆಯುವುದಕ್ಕಾಗಿ ಬಂದ ಬಿ.ಟಿ. ಹತ್ತಿಯ ಮೊದಲ ಬಗೆಗೆ ಗುಲಾಬಿ ಕಾಯಿಕೊರಕವು ಗುಜರಾತಿನಲ್ಲಿ ಜಗ್ಗದೆ ಹೋದ ಸಂಗತಿಯು ೨೦೧೦ರಲ್ಲಿಯೇ ಪ್ರಕಟವಾಯಿತು. ಲಕ್ಷ ಹುಳುಗಳಲ್ಲಿ ವಿಷವನ್ನು ತಡೆದುಕೊಳ್ಳಬಲ್ಲ ನಾಲ್ಕಾರು ಮಾತ್ರ ಉಳಿಯುತ್ತವೆ. ಮುಂದೆ ಅವುಗಳ ಸಂತತಿಯೇ ಹೊಲವನ್ನೆಲ್ಲ ತುಂಬಿಕೊಳ್ಳುತ್ತದೆ. ದುಂಡಾಣುಗಳಲ್ಲಿಯೂ ಇದೇ ನ್ಯಾಯ. ಹುಳುವಿನ ಒಂದು ತಲೆಮಾರಿಗೆ ವಾರಗಳು ಬೇಕಾದರೆ, ಅನುಕೂಲವಾದ ಸ್ಥಳದಲ್ಲಿ ಅನೇಕ ದುಂಡಾಣುಗಳ ತಲೆಮಾರು ಅರ್ಧ ಗಂಟೆಯೊಳಗೆ ಮುಗಿದುಹೋಗುತ್ತದೆ.

ಹುಳುವಿಗೂ ದುಂಡಾಣುವಿಗೂ ಇನ್ನೂ ಒಂದು ಮುಖ್ಯವಾದ ವ್ಯತ್ಯಾಸ ಉಂಟು. ಹುಳುವಿನ ಗುಣವು ಪಿತ್ರಾರ್ಜಿತ ಆಸ್ತಿಯಂತೆ ತಾಯಿತಂದೆಗಳಿಂದ ಸಂತಾನಕ್ಕೆ ಇಳಿಯುತ್ತದೆ. ದುಂಡಾಣುಗಳಿಗಾದರೋ ಹೀಗೆ ಇಳಿದುಬಂದ ಆಸ್ತಿಯಲ್ಲದೆ, ನೆರೆಯವರಿಂದ ನೆರೆಯವರಿಗೆ ಕೈಬದಲಾಗುವ ದಾನಪತ್ರವೂ ಒಂದುಂಟು. ಪ್ಲಾಸ್ಮಿಡ್ ಎಂಬ ಹೆಸರಿನ, ಉಂಗುರದಾಕಾರದ ಸಣ್ಣ ಡಿ.ಎನ್.ಎ. ತುಣುಕಿನ ಮೇಲೆ ಔಷಧವನ್ನು ನಿರರ್ಥಕ ಮಾಡುವ ವಂಶವಾಹಿ, ಎಂದರೆ ಜೀನು, ಅನೇಕ ವೇಳೆ ಕುಳಿತಿರುತ್ತದೆ. ಒಂದು ದುಂಡಾಣುವು ಪಕ್ಕದ ಮತ್ತೊಂದಕ್ಕೆ ಈ ಉಂಗುರದ ಪ್ರತಿಯನ್ನು ಕೊಡಬಲ್ಲುದು. ತನ್ನ ಪ್ರತಿಯು ತನ್ನಲ್ಲಿಯೇ ಉಳಿಯುತ್ತದೆ. ಕೊಡುವುದೂ ಕೊಳ್ಳುವುದೂ ಒಂದೇ ಜಾತಿಯವಾಗಿರಬೇಕೆಂಬ ನಿಯಮವೂ ಇಲ್ಲ. ಕರುಳಿನಲ್ಲಿ ತೆಪ್ಪಗಿದ್ದ ದುಂಡಾಣುವಿನಿಂದ ಕಾಲರಾ ತರುವ ದುಂಡಾಣುವಿಗೆ ಪತ್ರವು ಕೈಬದಲಾಗಬಹುದು. ಆದ ಕಾರಣ ಇಲ್ಲಿ ಬರಿಯ ರೋಗಾಣುವನ್ನು ಗುರುತಿಸಿದರೆ ಸಾಲದು. ಅದರಲ್ಲಿರುವ ಜೀನನ್ನೂ ಗುರುತಿಸಬೇಕು.

ರೋಗಿಗಳಲ್ಲಿ ಕಂಡುದು.— ೨೦೦೮ರಲ್ಲಿ ಸ್ವೀಡನ್ ದೇಶದ ಒಬ್ಬ ರೋಗಿಯ ಮೂತ್ರದಲ್ಲಿ ಕ್ಲೆಬ್ಸಿಯೆಲ್ಲ ಎಂಬ ದುಂಡಾಣು ಕಂಡುಬಂದಿತು. ಆ ರೋಗಿಯು ಅದಕ್ಕೆ ಹಿಂದೆ ಹೊಸ ದೆಹಲಿಯಲ್ಲಿ ಚಿಕಿತ್ಸೆ ಪಡೆದವನು. ಬೇರೆ ಔಷಧಗಳೆಲ್ಲ ಸೋತ ಮೇಲೆ ಕೊನೆಯ ಆಸರೆಯಾಗಿ ಕೊಡುವ ಕಾರ್ಬಪೆನಮ್ ವರ್ಗದ ಔಷಧಗಳಿಗೂ ಈ ದುಂಡಾಣು ಮಣಿಯಲಿಲ್ಲ. ಶೋಧಿಸಿ ನೋಡಲಾಗಿ, ಆ ಔಷಧಗಳನ್ನು ಮುರಿದುಹಾಕುವ ಹೊಸದೊಂದು ಕಿಣ್ವವನ್ನು ಉಂಟುಮಾಡುವ ಜೀನು ಅದರಲ್ಲಿರುವುದು ತಿಳಿಯಿತು. ಅದೇ ರೋಗಿಯ ಮಲದಲ್ಲಿದ್ದ ಈ-ಕೊಲೈ ಎಂಬ ಬೇರೆ ಜಾತಿಯ ದುಂಡಾಣುವಿನಲ್ಲಿಯೂ ಅದೇ ಜೀನು ಸಿಕ್ಕಿತು. ಮೇಲೆ ಹೇಳಿದ ದಾನಪತ್ರವು ಒಬ್ಬ ಮನುಷ್ಯನ ಹೊಟ್ಟೆಯೊಳಗೇ ಕೈಬದಲಾದುದಕ್ಕೆ ಇದಕ್ಕಿಂತ ಸ್ಪಷ್ಟವಾದ ಗುರುತು ಬೇಕಾಗಿಲ್ಲ. ೨೦೦೯ರಲ್ಲಿ ಈ ಜೀನಿಗೆ ಹೊಸ ದೆಹಲಿಯ ಹೆಸರನ್ನು ಸೇರಿಸಿ ಎನ್.ಡಿ.ಎಂ.-೧ ಎಂದು ಕರೆದರು.

೨೦೧೦ರ ಆಗಸ್ಟಿನಲ್ಲಿ ಭಾರತದ ಮತ್ತು ಬ್ರಿಟನ್ನಿನ ವಿಜ್ಞಾನಿಗಳು ಕೂಡಿ ಮಾಡಿದ ಶೋಧನೆಯೊಂದು ಪ್ರಕಟವಾಯಿತು. ಈ ಜೀನುಳ್ಳ ದುಂಡಾಣುಗಳು ಚೆನ್ನೈಯ ರೋಗಿಗಳಿಂದ ೪೪, ಹರಿಯಾಣದಿಂದ ೨೬, ಬ್ರಿಟನ್ನಿನಿಂದ ೩೭, ಭಾರತ ಮತ್ತು ಪಾಕಿಸ್ತಾನಗಳ ಇತರ ಸ್ಥಳಗಳಿಂದ ೭೩ ದೊರೆತುವು. ಬ್ರಿಟನ್ನಿನ ರೋಗಿಗಳಲ್ಲಿ ಅನೇಕರು ಅದಕ್ಕೆ ಹಿಂದಿನ ಒಂದು ವರ್ಷದೊಳಗೆ ಭಾರತಕ್ಕೋ ಪಾಕಿಸ್ತಾನಕ್ಕೋ ಹೋಗಿಬಂದಿದ್ದರು. ಈ ದುಂಡಾಣುಗಳಲ್ಲಿ ಬಹುಭಾಗಕ್ಕೆ ಟೈಗಿಸೈಕ್ಲಿನ್ ಮತ್ತು ಕೊಲಿಸ್ಟಿನ್ ಎಂಬ ಎರಡು ಔಷಧಗಳ ಹೊರತು ಉಳಿದವು ನಾಟಲಿಲ್ಲ. ಕೊಲಿಸ್ಟಿನ್ ಎಂಬ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದೆ ಕೋಳಿಯ ಮೇವನ್ನು ಕುರಿತು ಹೇಳುವಾಗ ಅದು ಮತ್ತೆ ಬರುವುದು.

ನಮ್ಮ ರಾಜಧಾನಿಯ ಹೆಸರನ್ನು ರೋಗದ ಗುರುತಿಗೆ ಅಂಟಿಸಿದುದು ದೇಶದಲ್ಲಿ ಅನೇಕರಿಗೆ ಅಸಮಾಧಾನವನ್ನುಂಟುಮಾಡಿತು. ಆ ಅಸಮಾಧಾನವು ನ್ಯಾಯವಾದುದೇ. ಶೋಧನೆಯನ್ನು ಪ್ರಕಟಿಸಿದ ಪತ್ರಿಕೆಯ ಸಂಪಾದಕರೇ ಹಾಗೆ ಹೆಸರಿಟ್ಟುದು ಸರಿಯಲ್ಲವೆಂದು ೨೦೧೧ರಲ್ಲಿ ಒಪ್ಪಿಕೊಂಡರು. ಆದರೆ ಹೆಸರಿನ ವ್ಯಾಜ್ಯದಲ್ಲಿ ವಿಷಯವೇ ಮರೆಯಾಯಿತೆಂದು ನನಗೆ ತೋರುತ್ತದೆ. ಬೆಂಕಿಗೆ ಯಾವ ಊರಿನ ಹೆಸರಿಟ್ಟರೂ ಸುಡುವುದು ತಪ್ಪುವುದಿಲ್ಲ.

ನೀರಿನಲ್ಲಿ ಕಂಡುದು.— ಜೀನು ಆಸ್ಪತ್ರೆಯ ಗೋಡೆಗಳೊಳಗೆ ಮಾತ್ರ ಇದೆಯೋ, ಹೊರಗೂ ಇದೆಯೋ ಎಂಬ ಪ್ರಶ್ನೆ ಉಳಿದಿತ್ತು. ಇದನ್ನು ತಿಳಿಯುವುದಕ್ಕಾಗಿ ೨೦೧೦ರ ಸೆಪ್ಟೆಂಬರು-ಅಕ್ಟೋಬರುಗಳಲ್ಲಿ ಹೊಸ ದೆಹಲಿಯ ಮಧ್ಯಭಾಗದಿಂದ ೧೨ ಕಿಲೋಮೀಟರಿನೊಳಗೆ, ಬೀದಿಗಳಲ್ಲಿ ನಿಂತ ಮತ್ತು ಹರಿಯುವ ಕೊಳೆನೀರಿನ ೧೭೧ ಮಾದರಿಗಳನ್ನೂ ಸಾರ್ವಜನಿಕ ನಲ್ಲಿನೀರಿನ ೫೦ ಮಾದರಿಗಳನ್ನೂ ಸಂಗ್ರಹಿಸಿದರು. ಹೋಲಿಕೆಗಾಗಿ ಬ್ರಿಟನ್ನಿನ ಕಾರ್ಡಿಫ್ ನಗರದ ಚರಂಡಿನೀರಿನ ೭೦ ಮಾದರಿಗಳನ್ನೂ ತೆಗೆದುಕೊಂಡರು. ೨೦೧೧ರ ಏಪ್ರಿಲಿನಲ್ಲಿ ಫಲಿತಾಂಶವು ಪ್ರಕಟವಾಯಿತು. ದೆಹಲಿಯ ಕೊಳೆನೀರಿನ ೫೧ ಮಾದರಿಗಳಲ್ಲಿಯೂ ನಲ್ಲಿನೀರಿನ ೨ ಮಾದರಿಗಳಲ್ಲಿಯೂ ಎನ್.ಡಿ.ಎಂ.-೧ ಜೀನು ಇದ್ದಿತು. ಕಾರ್ಡಿಫಿನ ಮಾದರಿಗಳಲ್ಲಿ ಒಂದರಲ್ಲಿಯೂ ಇರಲಿಲ್ಲ. ಜೀನನ್ನು ಹೊತ್ತ ಜೀವಂತ ದುಂಡಾಣುಗಳನ್ನು ಕೊಳೆನೀರಿನ ೧೨ ಮಾದರಿಗಳಿಂದಲೂ ನಲ್ಲಿನೀರಿನ ಆ ೨ ಮಾದರಿಗಳಿಂದಲೂ ಬೆಳೆಸಲು ಸಾಧ್ಯವಾಯಿತು. ಅದುವರೆಗೆ ಈ ಜೀನು ಕಂಡುಬರದಿದ್ದ ೧೧ ಜಾತಿಗಳಲ್ಲಿ ಅದು ಕಂಡುಬಂದಿತು. ಕಾಲರಾ ತರುವ ದುಂಡಾಣುವೂ ಆಮಶಂಕೆ ತರುವ ಶಿಗೆಲ್ಲ ಎಂಬುದೂ ಅವುಗಳಲ್ಲಿ ಸೇರಿದ್ದುವು.

ಇದೇ ಶೋಧನೆಯಲ್ಲಿ, ಪ್ಲಾಸ್ಮಿಡ್ ಉಂಗುರವು ಒಂದರಿಂದ ಮತ್ತೊಂದಕ್ಕೆ ದಾಟುವುದು ಸುಮಾರು ೩೦ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹೆಚ್ಚಾಗಿ ನಡೆಯುವುದೆಂದು ಗೊತ್ತಾಯಿತು. ಇದು ಮನುಷ್ಯನ ಮೈಶಾಖಕ್ಕಿಂತ ಕಡಮೆ. ನಮ್ಮ ಸೀಮೆಯಲ್ಲಿ ವರ್ಷದ ಅನೇಕ ತಿಂಗಳುಗಳಲ್ಲಿ ಹಗಲಿನ ಶಾಖವೂ ಇಷ್ಟೇ. ಹೀಗಾಗಿ ಬೀದಿಯ ಕೊಚ್ಚೆಯು ರೋಗಾಣುಗಳು ತಂಗುವ ಸ್ಥಳವಷ್ಟೇ ಅಲ್ಲ, ಅವು ಗುಣಗಳನ್ನು ಕೊಟ್ಟು ಕೊಳ್ಳುವ ಸಂತೆಯೂ ಆಗಬಲ್ಲುದು.

ಐವತ್ತರಲ್ಲಿ ಎರಡು ಅಲ್ಪವಲ್ಲವೇ ಎಂದು ಕೆಲವರು ಕೇಳಬಹುದು. ಆ ನೀರನ್ನು ಕುಡಿದವರೆಲ್ಲರೂ ಕಾಯಿಲೆ ಬಿದ್ದರೆಂದು ಶೋಧಕರು ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಇಂಥ ದುಂಡಾಣುವು ಗಟ್ಟಿಮುಟ್ಟಾದವನ ಕರುಳಿನಲ್ಲಿ ತಿಂಗಳುಗಟ್ಟಲೆ ಯಾವ ತೊಂದರೆಯನ್ನೂ ಕೊಡದೆ ಇದ್ದುಬಿಡಬಹುದು. ಕೇಡು ತೋರುವುದು ಆಮೇಲೆ. ಅವನ ಹೊಟ್ಟೆಗೆ ಶಸ್ತ್ರಚಿಕಿತ್ಸೆಯಾದಾಗ, ಮನೆಯ ಸೊಸೆಗೆ ಹೆರಿಗೆಯಲ್ಲಿ ನಂಜೇರಿದಾಗ, ಹಸುಗೂಸಿನ ರಕ್ತದಲ್ಲಿ ಸೋಂಕು ಹರಡಿದಾಗ, ವೈದ್ಯನು ಕೊಟ್ಟ ಮದ್ದು ನಾಟದು. ಮದ್ದಿನ ತಪ್ಪೆಂದು ಮನೆಯವರು ತಿಳಿಯುತ್ತಾರೆ. ವರ್ಷದ ಹಿಂದೆ ಕುಡಿದ ನೀರನ್ನು ಆಗ ಯಾರು ನೆನೆಯುವರು? ಔಷಧಕ್ಕೆ ಮಣಿಯದ ದುಂಡಾಣುಗಳೇ ನೇರವಾದ ಕಾರಣವಾಗಿ ೨೦೧೯ನೆಯ ಒಂದೇ ವರ್ಷದಲ್ಲಿ ಪ್ರಪಂಚದಲ್ಲಿ ಸುಮಾರು ೧೨ ಲಕ್ಷ ೭೦ ಸಾವಿರ ಮಂದಿ ಮೃತರಾದರೆಂಬ ಅಂದಾಜು ೨೦೨೨ರಲ್ಲಿ ಪ್ರಕಟವಾಗಿದೆ.

ಇದು ಪಟ್ಟಣದ ಪೀಡೆಯೇ?— ದೆಹಲಿಯಂಥ ಮಹಾನಗರದ ಮಾತು ಹಳ್ಳಿಗೆ ಏಕೆಂಬ ಆಕ್ಷೇಪಣೆಯು ಸಹಜವಾದುದು. ಇದಕ್ಕೆ ಉತ್ತರವು ಗಂಗಾನದಿಯ ದಡದಲ್ಲಿಯೇ ದೊರೆತಿದೆ. ದೆಹಲಿಯ ಐ.ಐ.ಟಿ.ಯವರೂ ಬ್ರಿಟನ್ನಿನ ನ್ಯೂಕ್ಯಾಸಲ್ ವಿಶ್ವವಿದ್ಯಾನಿಲಯದವರೂ ಹೃಷೀಕೇಶ ಹರಿದ್ವಾರಗಳ ಬಳಿ ನದಿಯ ನೀರನ್ನು ಶೋಧಿಸಿ, ತಮಗೆ ಕಂಡುದನ್ನು ೨೦೧೪ರಲ್ಲಿ ಪ್ರಕಟಿಸಿದರು. ಯಾತ್ರಿಕರು ವಿರಳವಾಗಿರುವ ಫೆಬ್ರವರಿಗಿಂತ, ಯಾತ್ರಿಕರು ತುಂಬಿರುವ ಬೇಸಿಗೆಯಲ್ಲಿ ಇದೇ ಎನ್.ಡಿ.ಎಂ.-೧ ಜೀನು ಅನೇಕ ಮಡಿ ಹೆಚ್ಚಾಗಿತ್ತು. ಬಂದ ಜನರ ಮಲವನ್ನು ಶುದ್ಧಿಮಾಡುವ ವ್ಯವಸ್ಥೆಯು ಅವರ ಸಂಖ್ಯೆಗೆ ಸಾಲದೆ ಹೋದುದೇ ಕಾರಣವೆಂದು ಶೋಧಕರು ಅಭಿಪ್ರಾಯಪಟ್ಟರು. ವರ್ಷಕ್ಕೊಂದು ಸಲ ಜಾತ್ರೆ ಕೂಡುವ ನಮ್ಮ ಗ್ರಾಮಗಳ ಮುಖಂಡರು ಇದನ್ನು ಗಮನಿಸಬೇಕು. ತೇರಿಗೆ ಹಗ್ಗವನ್ನು ಅಣಿಮಾಡುವಷ್ಟು ಮುಂಚಿತವಾಗಿಯೇ ಕಕ್ಕಸುಗಳನ್ನೂ ಶುದ್ಧವಾದ ನೀರನ್ನೂ ಅಣಿಮಾಡುವುದು ಅವರ ಕರ್ತವ್ಯ.

ಜೀನಿಗೆ ಊರಿನ ಎಲ್ಲೆಯಾಗಲಿ ದೇಶದ ಎಲ್ಲೆಯಾಗಲಿ ಇಲ್ಲ. ಉತ್ತರಧ್ರುವದ ಸಮೀಪದಲ್ಲಿರುವ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿ ೨೦೧೩ರಲ್ಲಿ ತೆಗೆದ ಮಣ್ಣಿನಲ್ಲಿಯೂ ಎನ್.ಡಿ.ಎಂ.-೧ ಸಿಕ್ಕಿತೆಂದು ೨೦೧೯ರಲ್ಲಿ ತಿಳಿದುಬಂದಿತು. ಹಿಮದ ನಾಡನ್ನೇ ಮುಟ್ಟಿದುದು, ನಗರಕ್ಕೆ ದಿನವೂ ಹಾಲು ತರಕಾರಿಗಳನ್ನು ಕಳುಹಿಸಿ ಸಂಜೆಗೆ ಜನರನ್ನು ಹಿಂದಕ್ಕೆ ಕರೆತರುವ ನಮ್ಮ ಹಳ್ಳಿಗಳನ್ನು ಬಿಟ್ಟೀತೆಂದು ನಂಬುವುದು ಜಾಣತನವಲ್ಲ.

ಔಷಧದ ಮಿತವ್ಯಯವೊಂದೇ ಸಾಲದು.— ಈ ಕೇಡಿಗೆ ಔಷಧಗಳ ದುರುಪಯೋಗವೇ ಕಾರಣವೆಂದು ಸಾಮಾನ್ಯವಾಗಿ ಹೇಳುವುದುಂಟು. ಅದು ನಿಜವೇ. ವೈದ್ಯರ ಚೀಟಿಯಿಲ್ಲದೆ ಇಂಥ ಮುಖ್ಯ ಔಷಧಗಳನ್ನು ಮಾರಕೂಡದೆಂದೂ, ಮಾರಿದುದಕ್ಕೆ ಲೆಕ್ಕವಿಡತಕ್ಕದ್ದೆಂದೂ ೨೦೧೪ರ ಮಾರ್ಚಿಯಿಂದ ನಿಬಂಧನೆ ಜಾರಿಯಲ್ಲಿದೆ. ನೆಗಡಿಗೆ ಈ ಮಾತ್ರೆಗಳನ್ನು ನುಂಗುವುದೂ, ಜ್ವರ ಬಿಟ್ಟ ಮರುದಿನವೇ ವೈದ್ಯರನ್ನು ಕೇಳದೆ ಮಾತ್ರೆ ಬಿಡುವುದೂ, ಉಳಿದುದನ್ನು ನೆರೆಮನೆಗೆ ಕೊಡುವುದೂ ನಿಲ್ಲಲೇಬೇಕು. ಆದರೆ ೨೦೧೮ರಲ್ಲಿ ಅನೇಕ ದೇಶಗಳ ಅಂಕಿ ಅಂಶಗಳನ್ನು ಹೋಲಿಸಿ ನೋಡಿದವರು ಗಮನಾರ್ಹವಾದ ಒಂದು ಸಂಗತಿಯನ್ನು ಕಂಡರು. ಔಷಧವನ್ನು ಹೆಚ್ಚಾಗಿ ಬಳಸುವ ದೇಶಗಳಲ್ಲಿಯೇ ಈ ಕೇಡು ಹೆಚ್ಚೆಂಬ ನೇರವಾದ ಸಂಬಂಧವು ಆ ಹೋಲಿಕೆಯಲ್ಲಿ ಸಿಕ್ಕಲಿಲ್ಲ. ನೈರ್ಮಲ್ಯ ಮೊದಲಾದ ಏರ್ಪಾಡುಗಳೂ ಆಡಳಿತವೂ ಚೆನ್ನಾಗಿರುವ ದೇಶಗಳಲ್ಲಿ ಕೇಡು ಕಡಮೆಯಾಗಿತ್ತು. ಔಷಧವು ಕಳೆಯ ಬೀಜವನ್ನು ಹುಟ್ಟಿಸುತ್ತದೆ. ಅದನ್ನು ಊರಿನ ಹೊಲಕ್ಕೆಲ್ಲ ಹೊತ್ತು ಬಿತ್ತುವುದು ನೀರು. ಬೀಜ ಹುಟ್ಟದಂತೆ ಮಾಡುವುದು ವೈದ್ಯರು, ಅಂಗಡಿಯವರು, ಸರ್ಕಾರ, ರೈತರು ಎಲ್ಲರ ಕೈಯಲ್ಲಿ ಹಂಚಿಹೋಗಿದೆ. ಕಾಲುವೆಯ ತೂಬನ್ನು ಮುಚ್ಚುವುದಾದರೋ ಬಹುಮಟ್ಟಿಗೆ ಊರಿನವರ ಕೈಯಲ್ಲಿಯೇ ಇದೆ.

ಹೊಲ ಮತ್ತು ಕೊಟ್ಟಿಗೆಗಳ ಪಾಲು.— ಇಲ್ಲಿ ಭೂಮಾಲೀಕರಿಗೆ ಎರಡು ಮಾತುಗಳನ್ನು ವಿಶೇಷವಾಗಿ ಅರಿಕೆಮಾಡುತ್ತೇನೆ. ಕೊಲಿಸ್ಟಿನ್ ಔಷಧವನ್ನು ಕೋಳಿ ಹಂದಿಗಳು ಬೇಗ ಕೊಬ್ಬಲೆಂದು ಮೇವಿನಲ್ಲಿ ಬೆರೆಸುವ ಪದ್ಧತಿ ಹಲವು ದೇಶಗಳಲ್ಲಿದ್ದಿತು. ಅದಕ್ಕೆ ಮಣಿಯದ ಗುಣವನ್ನು ಕೊಡುವ, ಪ್ಲಾಸ್ಮಿಡ್ ಮೇಲೆ ಸಂಚರಿಸುವ ಜೀನೊಂದನ್ನು ಚೀನಾದೇಶದ ವಿಜ್ಞಾನಿಗಳು ೨೦೧೫ರಲ್ಲಿ ಪ್ರಕಟಿಸಿದರು. ಅವರು ಪರೀಕ್ಷಿಸಿದ ೮೦೪ ಪ್ರಾಣಿಗಳ ಪೈಕಿ ೧೬೬ರಲ್ಲಿಯೂ, ಹಸಿಮಾಂಸದ ೫೨೩ ಮಾದರಿಗಳ ಪೈಕಿ ೭೮ರಲ್ಲಿಯೂ, ರೋಗಿಗಳ ೧,೩೨೨ ಮಾದರಿಗಳ ಪೈಕಿ ೧೬ರಲ್ಲಿಯೂ ಅದಿದ್ದಿತು. ಕೊಟ್ಟಿಗೆಯಲ್ಲಿ ಹೆಚ್ಚು, ಆಸ್ಪತ್ರೆಯಲ್ಲಿ ಕಡಮೆ. ಇದರಿಂದ ದಾರಿ ಯಾವ ಕಡೆಯಿಂದ ಯಾವ ಕಡೆಗೆಂಬುದನ್ನು ಊಹಿಸಬಹುದು. ಆ ದೇಶದಲ್ಲಿ ೨೦೧೭ರಿಂದ ಮೇವಿನಲ್ಲಿ ಬೆರೆಸುವುದನ್ನು ನಿಲ್ಲಿಸಿದ ಮೇಲೆ ಜೀನಿನ ಹರಡುವಿಕೆಯು ಪ್ರಾಣಿಗಳಲ್ಲಿಯೂ ಜನರಲ್ಲಿಯೂ ಗಣನೀಯವಾಗಿ ಇಳಿಯಿತು. ನಮ್ಮ ದೇಶದಲ್ಲಿ ೨೦೧೯ರ ಜುಲೈ ತಿಂಗಳಿನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೂ ಕೋಳಿಗಳಿಗೂ ಈ ಔಷಧವನ್ನು ನಿಷೇಧಿಸಲಾಯಿತು. ಕೈಬಿಟ್ಟರೆ ಗುಣವುಂಟೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

ಎರಡನೆಯದು ತೋಟದ ಮಾತು. ದಾಳಿಂಬೆಯ ದುಂಡಾಣು ಅಂಗಮಾರಿಗೂ ಬತ್ತದ ಎಲೆ ಅಂಗಮಾರಿಗೂ ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಬೆರೆತ ಪುಡಿಯನ್ನು ಸಿಂಪಡಿಸುವುದು ನಮ್ಮ ರೈತರಲ್ಲಿ ವಾಡಿಕೆಯಾಗಿತ್ತು. ೧೯೪೩ರಲ್ಲಿ ಮಣ್ಣಿನ ಜೀವಿಯೊಂದರಿಂದ ಕಂಡುಹಿಡಿದ ಸ್ಟ್ರೆಪ್ಟೊಮೈಸಿನ್ ಕ್ಷಯರೋಗಕ್ಕೆ ಮೊದಲು ದೊರೆತ ಸಫಲವಾದ ಪ್ರತಿಜೀವಕವೆಂಬುದನ್ನು ನೆನೆದರೆ, ಅದನ್ನು ಎಕರೆಗಟ್ಟಲೆ ಎಲೆಯ ಮೇಲೆ ಚೆಲ್ಲುವುದು ಎಷ್ಟು ದುಬಾರಿಯಾದ ವ್ಯವಸಾಯವೆಂಬುದು ತಿಳಿಯುತ್ತದೆ. ಬೆಳೆಗಳ ಮೇಲೆ ಈ ಮಿಶ್ರಣದ ಬಳಕೆಯನ್ನು ನಿಲ್ಲಿಸುವ ಕರಡು ಆಜ್ಞೆಯನ್ನು ಕೇಂದ್ರ ಸರ್ಕಾರವು ೨೦೨೧ರ ಡಿಸೆಂಬರಿನಲ್ಲಿ ಹೊರಡಿಸಿತು. ರೋಗವಿಲ್ಲದ ಸಸಿಗಳನ್ನು ನೆಡುವುದು, ಸೋಂಕಿದ ಕೊಂಬೆಗಳನ್ನು ಕತ್ತರಿಸಿ ಸುಡುವುದು, ಕತ್ತರಿಯನ್ನು ಗಿಡದಿಂದ ಗಿಡಕ್ಕೆ ಶುದ್ಧಿಮಾಡುವುದು, ಗಿಡಕ್ಕೆ ವಿಶ್ರಾಂತಿ ಕೊಡುವುದು, ಬೋರ್ಡೊ ದ್ರಾವಣವನ್ನು ಕಾಲಕ್ಕೆ ಸರಿಯಾಗಿ ಸಿಂಪಡಿಸುವುದು, ಇವೇ ನಂಬತಕ್ಕ ಕ್ರಮಗಳು. ಹಸುವಿನ ಕೆಚ್ಚಲುಬಾವಿಗೂ ಪಶುವೈದ್ಯರ ಮಾತಿನಂತೆಯೇ ಔಷಧ ಕೊಟ್ಟು, ಅವರು ಹೇಳಿದಷ್ಟು ದಿನ ಹಾಲನ್ನು ಮಾರದಿರತಕ್ಕದ್ದು.

ಊರಿನಲ್ಲಿ ಮಾಡಬೇಕಾದುದು.— ಜೀನನ್ನು ಗುರುತಿಸಲು ದೊಡ್ಡ ಪ್ರಯೋಗಶಾಲೆ ಬೇಕು. ಅದು ಗ್ರಾಮದಿಂದ ಆಗುವ ಕೆಲಸವಲ್ಲ. ಆದರೆ ಜೀನು ಬರುವ ದಾರಿಯನ್ನು ಗುರುತಿಸುವುದು ಗ್ರಾಮದಿಂದ ಆಗತಕ್ಕದ್ದು. ೨೦೧೯ರಲ್ಲಿ ಪ್ರಾರಂಭವಾದ ಜಲ ಜೀವನ ಯೋಜನೆಯಲ್ಲಿ ಪ್ರತಿ ಗ್ರಾಮದ ಐವರು ಸ್ತ್ರೀಯರಿಗೆ ನೀರಿನ ಪರೀಕ್ಷೆಯನ್ನು ಕಲಿಸುವ ಏರ್ಪಾಡು ಸೇರಿದೆ. ಪರೀಕ್ಷೆಯ ಸಣ್ಣ ಸೀಸೆಗೆ ನೀರು ತುಂಬಿ ಒಂದೆರಡು ದಿನ ಇಟ್ಟಾಗ ಅದು ಕಪ್ಪಾದರೆ, ಆ ನೀರಿಗೆ ಮಲದ ಸೋಂಕು ತಗಲಿರಬೇಕೆಂದು ತಿಳಿಯತಕ್ಕದ್ದು. ಈ ಸ್ತ್ರೀಯರು ತಂದ ಕಪ್ಪು ಸೀಸೆಯನ್ನು ಪಂಚಾಯತಿಯ ಸಭೆಯಲ್ಲಿ ಮೇಜಿನ ಮೇಲಿಟ್ಟು ವಿಚಾರಿಸುವ ಮುಖಂಡರು ಎಷ್ಟು ಮಂದಿ?

ನಲ್ಲಿಯ ನೀರೆಂದ ಮಾತ್ರಕ್ಕೆ ನಿಶ್ಚಿಂತೆ ಸಲ್ಲದು. ನೀರು ಬಿಡದಿರುವ ಹೊತ್ತಿನಲ್ಲಿ ಕೊಳವೆಯೊಳಗೆ ಒತ್ತಡವಿರುವುದಿಲ್ಲ. ಆಗ ಬಿರುಕಿನ ಮೂಲಕ ಸುತ್ತಲಿನ ಕೊಚ್ಚೆಯು ಒಳಕ್ಕೆ ಸೇರುತ್ತದೆ. ಸಂಚಾರ ಕಾಲದಲ್ಲಿ ನಾನು ಕಂಡಿರುವ ಎಷ್ಟೋ ಗ್ರಾಮಗಳಲ್ಲಿ ನಲ್ಲಿಯು ಗುಂಡಿಯೊಳಗಿದ್ದು, ಗುಂಡಿಯಲ್ಲಿ ಚರಂಡಿಯ ನೀರೇ ನಿಂತಿರುತ್ತದೆ. ಅಂಥ ನಲ್ಲಿಯನ್ನು ಮೇಲಕ್ಕೆತ್ತಿಸಲು ಸರ್ಕಾರದ ಮಂಜೂರಾತಿಗೆ ಕಾಯಬೇಕೆಂದಿಲ್ಲ. ಕಕ್ಕಸಿನ ಗುಂಡಿಯೂ ತಿಪ್ಪೆಯೂ ಬಾವಿಯಿಂದ ಕಡಮೆಯೆಂದರೆ ೧೫ ಮೀಟರು ದೂರದಲ್ಲಿರಬೇಕು. ಬಾವಿಗಿಂತ ಎತ್ತರದ ಕಡೆಯಲ್ಲಿ ಇರಕೂಡದು. ಗೊಬ್ಬರವನ್ನು ಹಸಿಯಾಗಿ ಹೊಲಕ್ಕೆ ಹಾಕದೆ, ಗುಂಡಿಯಲ್ಲಿ ಶಾಖವೇರಿ ಚೆನ್ನಾಗಿ ಕಳಿತ ಮೇಲೆ ಹಾಕಿದರೆ ಅದರಲ್ಲಿರುವ ಇಂಥ ದುಂಡಾಣುಗಳು ಬಹುಮಟ್ಟಿಗೆ ನಾಶವಾಗುತ್ತವೆ.

ಸಮಾಧಾನದ ಮಾತೊಂದುಂಟು. ವೈದ್ಯರ ಔಷಧಕ್ಕೆ ಮಣಿಯದ ಈ ದುಂಡಾಣುಗಳು ಕುದಿಯುವ ನೀರಿಗೂ ಬ್ಲೀಚಿಂಗ್ ಪುಡಿಗೂ ಮಣಿಯುತ್ತವೆ. ಬಾವಿಗೆ ಬೇಕಾಗುವ ಪುಡಿಯ ಲೆಕ್ಕವು ಸುಲಭ. ಬಾವಿಯ ಅಡ್ಡಗಲವನ್ನು ಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಬಂದುದನ್ನು ೭೮೫ರಿಂದ ಗುಣಿಸಿದರೆ ನೀರು ಎಷ್ಟು ಲೀಟರೆಂಬುದು ಬರುತ್ತದೆ. ೪ ಮೀಟರು ಅಗಲದ, ೩ ಮೀಟರು ನೀರುಳ್ಳ ಬಾವಿಯಲ್ಲಿ ೩೭,೬೮೦ ಲೀಟರು ನೀರಿರುವುದು. ಸಾವಿರ ಲೀಟರಿಗೆ ೨.೫ ಗ್ರಾಂ ಒಳ್ಳೆಯ ಪುಡಿಯಂತೆ ಸುಮಾರು ೯೪ ಗ್ರಾಂ ಸಾಕು. ನೀರು ಕಲಕಾಗಿದ್ದರೆ ಹೆಚ್ಚು ಬೇಕಾಗುವುದು. ಪುಡಿಯನ್ನು ಬಕೆಟ್ಟಿನಲ್ಲಿ ಕರಗಿಸಿ, ಗಸಿ ಇಳಿದ ಮೇಲೆ ತಿಳಿಯನ್ನು ಮಾತ್ರ ಬಾವಿಗೆ ಹಾಕಿ ಕದಡಿ, ಒಂದು ಗಂಟೆ ಕಳೆದ ಮೇಲೆ ನೀರನ್ನು ಸೇದತಕ್ಕದ್ದು. ತೇವ ತಗಲಿದ ಹಳೆಯ ಪುಡಿಯಲ್ಲಿ ಶಕ್ತಿ ಉಳಿದಿರುವುದಿಲ್ಲ.

ನಮ್ಮ ಹಿರಿಯರು ಇದೇ ಬಾವಿಯ ನೀರನ್ನು ಕುಡಿದು ಬಾಳಲಿಲ್ಲವೇ ಎಂದು ಕೇಳುವವರೂ ಇದ್ದಾರೆ. ಬಾಳಿದವರನ್ನು ನಾವು ಬಲ್ಲೆವು. ಕಾಲರಾ ಬೇನೆಯಲ್ಲಿ ಒಂದೇ ವಾರದೊಳಗೆ ಬರಿದಾದ ಮನೆಗಳ ಲೆಕ್ಕವನ್ನು ಹೇಳಲು ಅಲ್ಲಿ ಯಾರೂ ಉಳಿಯಲಿಲ್ಲ. ಆ ಕಾಲದಲ್ಲಿ ಔಷಧವೇ ಇರಲಿಲ್ಲ. ನಮ್ಮ ಕಾಲಕ್ಕೆ ಔಷಧ ದೊರೆಯಿತು. ನಮ್ಮ ಅಜಾಗ್ರತೆಯಿಂದ ಅದು ನಿರರ್ಥಕವಾಗಿ, ಮೊಮ್ಮಕ್ಕಳು ಮುತ್ತಜ್ಜಂದಿರ ಸ್ಥಿತಿಗೇ ಹಿಂದಿರುಗುವುದಾದರೆ ಆ ಹೊಣೆಯು ನಮ್ಮದು.

ಆದ ಕಾರಣ ಗ್ರಾಮಗಳ ಮುಖಂಡರೂ ಭೂಮಾಲೀಕರೂ ಮಳೆಗಾಲ ಹಿಡಿಯುವುದಕ್ಕೆ ಮುಂಚೆ ಒಂದು ದಿನವನ್ನು ಗೊತ್ತುಮಾಡಿಕೊಂಡು, ತಮ್ಮ ಊರಿನ ಪ್ರತಿಯೊಂದು ಬಾವಿ, ತೊಟ್ಟಿ, ನಲ್ಲಿಗಳನ್ನೂ ಕಾಲ್ನಡಿಗೆಯಲ್ಲಿ ಹೋಗಿ ನೋಡಿ, ಎಲ್ಲಿ ಮಲವು ನೀರನ್ನು ಮುಟ್ಟುವುದೋ ಅದನ್ನು ಬರೆದಿಟ್ಟುಕೊಂಡು, ಆ ಮಳೆಗಾಲದೊಳಗೇ ಸರಿಪಡಿಸುವ ಏರ್ಪಾಡು ಮಾಡಬೇಕೆಂದು ವಿನಯಪೂರ್ವಕವಾಗಿ ಪ್ರಾರ್ಥಿಸುತ್ತೇನೆ.